ಪಿಕಪ್ ಗಾಡಿಗೆ ನಂಬಿಕಸ್ಥ ಆಯಿಲ್ ಫಿಲ್ಟರ್ ಆರಿಸುವುದು ಹೇಗೆ

ಆಯಿಲ್ ಬದಲಾಯಿಸುವಾಗ ಯಾವ ಕಂಪನಿಯದು, ಯಾವ ಗ್ರೇಡ್ ಎಂದು ನಾಲ್ಕು ಕಡೆ ವಿಚಾರಿಸುವವರು ಫಿಲ್ಟರ್ ಮಾತ್ರ ಅಂಗಡಿಯವರು ಕೊಟ್ಟಿದ್ದನ್ನೇ ತರುತ್ತಾರೆ. ಟೊಮೆಟೊ ಕ್ರೇಟು, ಹಾಲಿನ ಕ್ಯಾನು, ಜಲ್ಲಿ ಹೊತ್ತು ದಿನವಿಡೀ ಓಡುವ ಪಿಕಪ್‌ಗೆ ಇದು ದುಬಾರಿ ಉದಾಸೀನ. ಫಿಲ್ಟರಿನ ಬೆಲೆ ಆಯಿಲ್ ಖರ್ಚಿನ ಸಣ್ಣ ಪಾಲು. ಅದು ಕೈಕೊಟ್ಟರೆ ಹೋಗುವುದು ಕ್ರ್ಯಾಂಕ್ ಬೇರಿಂಗ್ ಮತ್ತು ಟರ್ಬೊ.

ಬೊಲೆರೊ ಪಿಕಪ್, ಟಾಟಾ ಯೋಧ, ಅಶೋಕ್ ಲೇಲ್ಯಾಂಡ್ ದೋಸ್ತ್, ಇಸುಜು ಡಿ-ಮ್ಯಾಕ್ಸ್‌ನಂಥ ಡೀಸೆಲ್ ಗಾಡಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಇದು. ಆರಿಸುವಾಗ ಮೊದಲು ಅಳತೆ, ಆಮೇಲೆ ಒಳಗಿನ ವಾಲ್ವ್‌ಗಳು, ಆಮೇಲೆ ಆಯಿಲ್ ಸೋಸುವ ಕಾಗದ, ಕೊನೆಗೆ ಬ್ರ್ಯಾಂಡ್. ಬಹುತೇಕರು ಇದನ್ನು ತಿರುವುಮುರುವು ಮಾಡುತ್ತಾರೆ.

ಪಾರ್ಟ್ ನಂಬರ್ ಇಲ್ಲದೆ ಅಂಗಡಿಗೆ ಹೋಗಬೇಡಿ

"ಬೊಲೆರೊ ಪಿಕಪ್ ಫಿಲ್ಟರ್ ಕೊಡಿ" ಎಂದರೆ ಸಾಲದು. ಅದೇ ಹೆಸರಿನಲ್ಲಿ ಹಳೆಯ ಡಿಐ ಎಂಜಿನ್, ಆಮೇಲಿನ ಕಾಮನ್ ರೈಲ್ ಎಂಜಿನ್, 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಎಂಜಿನ್ ಎಲ್ಲವೂ ರಸ್ತೆಯಲ್ಲಿವೆ. ಸಿಎನ್‌ಜಿ ಗಾಡಿಗಳೂ ಇವೆ. ಆರ್‌ಸಿ ಕಾರ್ಡಿನಲ್ಲಿ ಚಾಸಿಸ್ ನಂಬರ್, ಎಂಜಿನ್ ನಂಬರ್, ತಯಾರಾದ ತಿಂಗಳು-ವರ್ಷ ಇರುತ್ತದೆ. ಅದರ ಫೋಟೊ ಫೋನಿನಲ್ಲಿರಲಿ. ಕಂಪನಿ ಸರ್ವಿಸ್ ಸೆಂಟರಿನ ಪಾರ್ಟ್ಸ್ ಕೌಂಟರಿನಲ್ಲಿ ಚಾಸಿಸ್ ನಂಬರ್ ಕೊಟ್ಟರೆ ಆ ಗಾಡಿಗೆ ಸೇರಿದ ಫಿಲ್ಟರಿನ ಪಾರ್ಟ್ ನಂಬರ್ ಸಿಗುತ್ತದೆ. ಅಲ್ಲೇ ಕೊಳ್ಳಬೇಕೆಂದಿಲ್ಲ. ಆದರೆ ಬೇರೆ ಕಂಪನಿಯ ಫಿಲ್ಟರ್ ಹುಡುಕಲು ಆ ನಂಬರೇ ಆಧಾರ: ಒಳ್ಳೆಯ ತಯಾರಕರ ಕ್ಯಾಟಲಾಗಿನಲ್ಲಿ ಗಾಡಿ ಕಂಪನಿಯ ನಂಬರಿನ ಎದುರಿಗೆ ತಮ್ಮ ನಂಬರ್ ಕೊಟ್ಟಿರುತ್ತಾರೆ.

ಗಾಡಿಯಲ್ಲಿರುವ ಹಳೆಯ ಫಿಲ್ಟರಿನ ಮೇಲಿನ ನಂಬರನ್ನಷ್ಟೇ ನಂಬಬೇಡಿ. ಹಿಂದೆ ಯಾರೋ ತಪ್ಪು ಫಿಲ್ಟರ್ ಹಾಕಿದ್ದರೆ ಅದೇ ತಪ್ಪು ಪ್ರತಿ ಸರ್ವಿಸ್‌ನಲ್ಲೂ ಮುಂದುವರಿಯುತ್ತದೆ. ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡವರು ಇದನ್ನು ಒಮ್ಮೆಯಾದರೂ ಪರೀಕ್ಷಿಸಲೇಬೇಕು.

ಥ್ರೆಡ್ ಕೂತರೆ ಸಾಕು ಎನ್ನುವ ತಪ್ಪು

ಡಬ್ಬಿಯಂತೆ ತಿರುಗಿಸಿ ಹಾಕುವ ಫಿಲ್ಟರಿನಲ್ಲಿ ಥ್ರೆಡ್, ರಬ್ಬರ್ ರಿಂಗಿನ ಒಳ-ಹೊರ ಅಳತೆ, ಉದ್ದ ಈ ಮೂರೂ ಹೊಂದಬೇಕು. ತುಂಬ ಅಪಾಯವಿರುವುದು ಥ್ರೆಡ್‌ನಲ್ಲಿ. ಎಂ20×1.5 (ಮಿಲಿಮೀಟರ್ ಅಳತೆಯದು) ಮತ್ತು 3/4 ಇಂಚಿನ 16 ಥ್ರೆಡ್ (ಇಂಚಿಗೆ 16 ಸುತ್ತಿನದು), ಇವೆರಡೂ ಕಣ್ಣಿಗೆ ಒಂದೇ ಥರ ಕಾಣುತ್ತವೆ. ಮೊದಲನೆಯದರ ವ್ಯಾಸ 20 ಮಿ.ಮೀ., ಎರಡನೆಯದರದ್ದು 19.05 ಮಿ.ಮೀ. 3/4 ಇಂಚಿನ ಸ್ಟಡ್ (ಫಿಲ್ಟರ್ ತಿರುಗಿಸಿ ಕೂರಿಸುವ ಥ್ರೆಡ್ ಕಡ್ಡಿ) ಇರುವ ಎಂಜಿನ್‌ಗೆ ಎಂ20 ಫಿಲ್ಟರ್ ತಿರುಗಿಸಿದರೆ ಸಲೀಸಾಗಿ ಒಳಗೆ ಹೋಗುತ್ತದೆ, ಬಿಗಿಯೂ ಆದಂತೆ ಅನ್ನಿಸುತ್ತದೆ. ಆದರೆ ಹಿಡಿದಿರುವುದು ಥ್ರೆಡ್‌ನ ತುದಿಗಳು ಮಾತ್ರ.

ಅದರ ಮೇಲೆ ಬೀಳುವ ಒತ್ತಡ ಎಷ್ಟು ಗೊತ್ತೆ? ರಬ್ಬರ್ ರಿಂಗಿನ ವ್ಯಾಸ 65 ಮಿ.ಮೀ., ಆಯಿಲ್ ಪ್ರೆಷರ್ 5 ಬಾರ್ ಎಂದಿಟ್ಟುಕೊಳ್ಳಿ. ಫಿಲ್ಟರನ್ನು ಎಂಜಿನ್‌ನಿಂದ ಹೊರಕ್ಕೆ ನೂಕುವ ಬಲ ಸುಮಾರು 170 ಕಿಲೊ ತೂಕದಷ್ಟಾಗುತ್ತದೆ. ಚಳಿಗಾಲದ ಬೆಳಿಗ್ಗೆ ಆಯಿಲ್ ಗಟ್ಟಿಯಾಗಿರುವಾಗ ಪ್ರೆಷರ್ ಇನ್ನೂ ಮೇಲೇರುತ್ತದೆ. ಸಡಿಲ ಥ್ರೆಡ್ ಕಿತ್ತುಕೊಂಡರೆ ಸಂಪಿನಲ್ಲಿರುವ (ಎಂಜಿನ್ ಅಡಿಯ ಆಯಿಲ್ ತೊಟ್ಟಿ) ಆಯಿಲ್ ನೋಡನೋಡುತ್ತಿದ್ದಂತೆ ರಸ್ತೆಗೆ ಸುರಿದುಹೋಗುತ್ತದೆ. ಹೊಸ ಫಿಲ್ಟರ್ ಥ್ರೆಡ್ ಮೇಲೆ ಅರ್ಧ ಕೂತಾಗ ಅಲ್ಲಾಡಿಸಿ ನೋಡಿ; ಗಡಗಡ ಆಟ ಇದ್ದರೆ ತೆಗೆದು ವಾಪಸ್ ಕೊಡಿ. ಇದಕ್ಕೆ ವಿರುದ್ಧವಾದ ಜೋಡಿ, ಅಂದರೆ ಎಂ20 ಸ್ಟಡ್‌ಗೆ 3/4 ಇಂಚಿನ ಫಿಲ್ಟರ್, ಶುರುವಿನಲ್ಲೇ ಸಿಕ್ಕಿಕೊಳ್ಳುತ್ತದೆ. ಜೋರು ಮಾಡಿದರೆ ಸ್ಟಡ್‌ನ ಥ್ರೆಡ್ ಹಾಳು.

ಉದ್ದದ ಬಗ್ಗೆ ಒಂದು ಮಾತು. ಥ್ರೆಡ್, ರಿಂಗ್ ಒಂದೇ ಇದ್ದು ಡಬ್ಬಿ ಮಾತ್ರ ದೊಡ್ಡದಿರುವ ಫಿಲ್ಟರ್ ಹಾಕಿದರೆ ಹೆಚ್ಚು ಕೊಳೆ ಹಿಡಿಯುತ್ತದೆ ಎನ್ನುವುದು ನಿಜ. ಆದರೆ ತೋಟದ ದಾರಿಯಲ್ಲಿ, ಕ್ವಾರಿಯಲ್ಲಿ ಕಲ್ಲು ತಾಗುವಷ್ಟು ಕೆಳಗೆ ಇಳಿದರೆ ಆ ಲಾಭ ಬೇಡ. ವಾಲ್ವ್ ಸೆಟ್ಟಿಂಗ್ ಒಂದೇ ಎಂದು ಖಚಿತವಾಗದೆ ಗಾತ್ರ ಬದಲಾಯಿಸುವುದೂ ಬೇಡ.

ಒಳಗಿನ ಎರಡು ವಾಲ್ವ್

ಮೊದಲನೆಯದು ಬೈಪಾಸ್ ವಾಲ್ವ್. ಕಾಗದ ಕೊಳೆಯಿಂದ ಕಟ್ಟಿಕೊಂಡಾಗ ಅಥವಾ ತಣ್ಣಗಿನ ಗಟ್ಟಿ ಆಯಿಲ್ ಕಾಗದ ದಾಟಲು ತಿಣುಕಿದಾಗ ಇದು ತೆರೆದುಕೊಂಡು ಆಯಿಲನ್ನು ಸೋಸದೆಯೇ ಎಂಜಿನ್‌ಗೆ ಬಿಡುತ್ತದೆ. ಆಯಿಲೇ ಇಲ್ಲದಿರುವುದಕ್ಕಿಂತ ಕೊಳೆ ಆಯಿಲ್ ಮೇಲು ಎಂಬುದು ಇದರ ಹಿಂದಿನ ಲೆಕ್ಕ. ಎಂಜಿನ್‌ಗೆ ತಕ್ಕಂತೆ ಇದು ತೆರೆಯುವ ಒತ್ತಡ ಸಾಮಾನ್ಯವಾಗಿ 1ರಿಂದ 2.5 ಬಾರ್ ನಡುವೆ ಇರುತ್ತದೆ. ಸ್ಪ್ರಿಂಗ್ ಮೆತ್ತಗಿದ್ದರೆ ವಾಲ್ವ್ ಬೇಗ ತೆರೆದು ಆಯಿಲ್ ಸೋಸದೆ ಹೋಗುತ್ತಿರುತ್ತದೆ, ಡ್ರೈವರ್‌ಗೆ ಯಾವ ಸೂಚನೆಯೂ ಸಿಗುವುದಿಲ್ಲ. ತೀರ ಬಿಗಿಯಿದ್ದರೆ ಕಾಗದ ಒಳಕ್ಕೆ ಕುಸಿದು ಹರಿಯುತ್ತದೆ. ಕೆಲವು ಎಂಜಿನ್‌ಗಳಲ್ಲಿ ಬೈಪಾಸ್ ವಾಲ್ವ್ ಫಿಲ್ಟರ್ ಕೂರುವ ಹೆಡ್‌ನಲ್ಲೇ ಇರುತ್ತದೆ, ಫಿಲ್ಟರಿನಲ್ಲಿ ಇರುವುದಿಲ್ಲ. "ಥ್ರೆಡ್ ಒಂದೇ, ಹಾಕಿ" ಎನ್ನುವ ಸಲಹೆ ನಂಬಿ ಮೋಸಹೋಗುವುದು ಇಲ್ಲೇ: ಎರಡೂ ಕಡೆ ವಾಲ್ವ್ ಇಲ್ಲದ ಜೋಡಿ ಆದರೆ ಫಿಲ್ಟರ್ ಕಟ್ಟಿಕೊಂಡ ದಿನ ಬೇರಿಂಗ್‌ಗಳಿಗೆ ಆಯಿಲ್ ಸಿಗುವುದಿಲ್ಲ.

ಎರಡನೆಯದು ಆಯಿಲ್ ಹಿಂದಕ್ಕೆ ಇಳಿಯದಂತೆ ತಡೆಯುವ ರಬ್ಬರ್ ವಾಲ್ವ್. ಫಿಲ್ಟರ್ ಅಡ್ಡಲಾಗಿ ಅಥವಾ ಬಾಯಿ ಕೆಳಗಾಗಿ ಕೂರುವ ಎಂಜಿನ್‌ಗಳಿಗೆ ಇದು ಬೇಕೇಬೇಕು. ಬಾಯಿ ಮೇಲಾಗಿ ನೇತಾಡುವ ಫಿಲ್ಟರಿಗೆ ಅಷ್ಟು ಮುಖ್ಯವಲ್ಲ. ಅಗ್ಗದ ಫಿಲ್ಟರುಗಳಲ್ಲಿ ಕಪ್ಪು ನೈಟ್ರೈಲ್ ರಬ್ಬರ್ ಹಾಕುತ್ತಾರೆ. ಬಿಸಿಗೆ ತಿಂಗಳುಗಟ್ಟಲೆ ಬೆಂದು ಅದು ಪ್ಲಾಸ್ಟಿಕ್‌ನಂತೆ ಪೆಡಸಾಗುತ್ತದೆ. ಸಿಲಿಕೋನ್ ಹೆಚ್ಚು ಕಾಲ ಮೆತ್ತಗಿರುತ್ತದೆ. ಬಹಳ ಸಲ ಕಿತ್ತಳೆ ಅಥವಾ ಕೆಂಪು ಬಣ್ಣದಲ್ಲಿರುತ್ತದೆ. ಆದರೂ ಬಣ್ಣ ನೋಡಿಯೇ ತೀರ್ಮಾನಿಸಬೇಡಿ. ಬೆಳಿಗ್ಗೆ ಮೊದಲ ಸ್ಟಾರ್ಟ್‌ಗೆ ಎಂಜಿನ್ ಕೆಲವು ಕ್ಷಣ ಕಟಕಟ ಎಂದು ಆಯಿಲ್ ದೀಪ ತಡವಾಗಿ ಆರಿದರೆ ಮೊದಲು ಈ ವಾಲ್ವ್ ಮೇಲೆ ಸಂಶಯಪಡಿ. ಆ ಕ್ಷಣಗಳಲ್ಲಿ ಟರ್ಬೊ ಬೇರಿಂಗ್ ಒಣಗಿಯೇ ತಿರುಗುತ್ತಿರುತ್ತದೆ.

ಮೈಕ್ರಾನ್ ಲೆಕ್ಕ

ಡಬ್ಬದ ಮೇಲೆ "10 ಮೈಕ್ರಾನ್" ಎಂದು ದೊಡ್ಡದಾಗಿ ಬರೆದಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ; ಆ ಗಾತ್ರದ ಕಣಗಳಲ್ಲಿ ಶೇಕಡ ಎಷ್ಟನ್ನು ಹಿಡಿಯುತ್ತದೆ ಎನ್ನುವುದೇ ಪ್ರಶ್ನೆ. ಅರ್ಧದಷ್ಟು ಹಿಡಿದರೂ 10 ಮೈಕ್ರಾನ್, ನೂರಕ್ಕೆ ತೊಂಬತ್ತೊಂಬತ್ತು ಹಿಡಿದರೂ 10 ಮೈಕ್ರಾನ್. ತಯಾರಕರು ಐಎಸ್‌ಒ 4548-12 ಪರೀಕ್ಷೆಯ ಪ್ರಕಾರ ಇಂತಿಷ್ಟು ಮೈಕ್ರಾನಿಗೆ ಇಂತಿಷ್ಟು ಶೇಕಡ ಎಂದು ಕೊಟ್ಟಿದ್ದರೆ ಅದನ್ನು ಹೋಲಿಸಿ ನೋಡಬಹುದು. ಬೀಟಾ (ಒಳಬಂದ ಕಣಗಳಿಗೂ ದಾಟಿಹೋದ ಕಣಗಳಿಗೂ ಇರುವ ಅನುಪಾತ) ಎಂದು ಕೊಟ್ಟಿದ್ದರೆ ಲೆಕ್ಕ ಸುಲಭ: ಬೀಟಾ 2 ಎಂದರೆ ಶೇ. 50, ಬೀಟಾ 20 ಎಂದರೆ ಶೇ. 95, ಬೀಟಾ 100 ಎಂದರೆ ಶೇ. 99.

ಡೀಸೆಲ್ ಆಯಿಲನ್ನು ಕಪ್ಪಾಗಿಸುವ ಮಸಿಯ ಕಣಗಳು ಹೆಚ್ಚಾಗಿ 1 ಮೈಕ್ರಾನ್‌ಗಿಂತ ಚಿಕ್ಕವು. ಅವನ್ನು ಯಾವ ಫಿಲ್ಟರೂ ತೆಗೆಯುವುದಿಲ್ಲ, ಆಯಿಲ್ ಬದಲಾಯಿಸಿದಾಗಲೇ ಹೊರಹೋಗುವುದು. ಹಾಗಾಗಿ ದುಬಾರಿ ಫಿಲ್ಟರ್ ಹಾಕಿದ್ದೇವೆಂದು ಆಯಿಲ್ ಅವಧಿ ಎಳೆಯಬೇಡಿ. ಏರ್ ಫಿಲ್ಟರ್ ಪೈಪಿನ ಕ್ಲಿಪ್ ಸಡಿಲವಾಗಿ ಧೂಳು ಎಳೆಯುತ್ತಿದ್ದರೆ ಆಯಿಲ್ ಫಿಲ್ಟರಿನಿಂದ ಪರಿಹಾರ ನಿರೀಕ್ಷಿಸುವುದೂ ವ್ಯರ್ಥ.

ಅಂಗಡಿಯಲ್ಲಿ ಕೈಗೆ ತೆಗೆದುಕೊಂಡಾಗ

ಪ್ಯಾಕಿಂಗ್ ಡಬ್ಬ ಬಿಚ್ಚಿಸಿ, ಫೋನಿನ ಟಾರ್ಚ್ ಹಾಕಿ ನಡುವಿನ ರಂಧ್ರದೊಳಗೆ ನೋಡಿ. ನಡುವಿನ ಕೊಳವೆಯ ತೂತುಗಳು ಚೆನ್ನಾಗಿ ತೆರೆದಿರಬೇಕು. ತೂತಿನ ಬದಲು ಸೀಳು ಹೊಡೆದು ಬಗ್ಗಿಸಿದ ಕೊಳವೆಯಿದ್ದರೆ ಸೀಳುಗಳು ಅರ್ಧಂಬರ್ಧ ಮುಚ್ಚಿರುವುದುಂಟು, ಅಂಥದ್ದು ಬೇಡ. ಥ್ರೆಡ್ ಮೇಲೆ ಬಣ್ಣ, ಒಳಗೆ ಲೋಹದ ಪುಡಿ, ತುಕ್ಕು ಇರಬಾರದು. ಕರಾವಳಿಯ ತೇವದಲ್ಲಿ ಪ್ಲಾಸ್ಟಿಕ್ ಸೀಲ್ ಹರಿದ ಫಿಲ್ಟರ್ ಬಹಳ ದಿನ ಕೂತಿದ್ದರೆ ಒಳಗೆ ತುಕ್ಕು ಹಿಡಿದಿರಬಹುದು. ಸುತ್ತಲಿನ ಸಣ್ಣ ರಂಧ್ರದಿಂದ ಚೊಕ್ಕವಾದ ಮೊಂಡು ಕಡ್ಡಿಯಲ್ಲಿ ರಬ್ಬರ್ ವಾಲ್ವನ್ನು ಮೆಲ್ಲಗೆ ಒತ್ತಿದರೆ ಬಗ್ಗಬೇಕು, ಬಿಟ್ಟರೆ ತಕ್ಷಣ ಮರಳಬೇಕು. ಅಲ್ಲಾಡಿಸಿದಾಗ ಒಳಗೆ ಏನಾದರೂ ಲಟಪಟ ಎಂದರೆ ಕಾಗದದ ಭಾಗವನ್ನು ಸ್ಪ್ರಿಂಗ್ ಸರಿಯಾಗಿ ಒತ್ತಿ ಹಿಡಿದಿಲ್ಲ. ಆ ಸಂದಿಯಿಂದ ಆಯಿಲ್ ಸೋಸದೆ ನುಗ್ಗುತ್ತದೆ.

ಡುಪ್ಲಿಕೇಟ್ ಮಾಲು ಹೆಚ್ಚಾಗಿ ಹೆಸರಾಂತ ಬ್ರ್ಯಾಂಡ್‌ಗಳದ್ದೇ ಬರುತ್ತದೆ, ಯಾಕೆಂದರೆ ಮಾರಾಟವಾಗುವುದೂ ಅವೇ. ಡಬ್ಬದ ಮೇಲೆ ತಯಾರಕರ ಪೂರ್ಣ ವಿಳಾಸ, ತಿಂಗಳು-ವರ್ಷ, ಎಂಆರ್‌ಪಿ, ಗ್ರಾಹಕ ಸಂಪರ್ಕ ಸಂಖ್ಯೆ ಇರಲೇಬೇಕು. ಡಬ್ಬದ ಮೇಲಿನ ನಂಬರೂ ಫಿಲ್ಟರಿನ ಮೈಮೇಲಿನ ನಂಬರೂ ಒಂದೇ ಇರಬೇಕು. ಮಸುಕು ಅಕ್ಷರ, ಎಂಆರ್‌ಪಿ ಮೇಲೆ ಇನ್ನೊಂದು ಸ್ಟಿಕ್ಕರ್, ಬೇರೆಲ್ಲೂ ಇಲ್ಲದ ಕಡಿಮೆ ಬೆಲೆ ಕಂಡರೆ ಬಿಟ್ಟುಬಿಡಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೊಂಡರೂ ನಿಮ್ಮ ತಾಲ್ಲೂಕಿನ ಅಂಗಡಿಯಲ್ಲಿ ಕೊಂಡರೂ ಪಾರ್ಟ್ ನಂಬರ್ ನಮೂದಿಸಿದ ಜಿಎಸ್‌ಟಿ ಬಿಲ್ ಕೇಳಿ. ವಾರಂಟಿ ಇರುವ ಗಾಡಿಗೆ ಅದು ಅಗತ್ಯ.

ಬ್ರ್ಯಾಂಡ್ ವಿಷಯ ಬೇಗ ಮುಗಿಯುತ್ತದೆ. ಗಾಡಿ ಕಂಪನಿಯ ಒರಿಜಿನಲ್ ಅತ್ಯಂತ ನಿಶ್ಚಿಂತೆಯ ಆಯ್ಕೆ. ಅದು ಸಿಗದಿದ್ದರೆ ಬಾಷ್, ಪ್ಯೂರೊಲೇಟರ್, ಎಲೊಫಿಕ್, ಮಾಲೆ, ಫ್ಲೀಟ್‌ಗಾರ್ಡ್‌ನಂಥ ತಯಾರಕರಲ್ಲಿ ನಿಮ್ಮ ಎಂಜಿನ್‌ಗೆಂದೇ ಪಟ್ಟಿಮಾಡಿದ ನಂಬರ್ ಯಾರದ್ದು ಸಿಗುತ್ತದೋ ಅದನ್ನು ತೆಗೆದುಕೊಳ್ಳಿ. "ಎಲ್ಲ ಪಿಕಪ್‌ಗೂ ಆಗುತ್ತದೆ" ಎನ್ನುವ ಫಿಲ್ಟರ್ ಯಾವ ಪಿಕಪ್‌ಗೂ ಬೇಡ.

ಡಬ್ಬಿಯಿಲ್ಲದೆ ಬರೀ ಕಾಗದದ ಎಲಿಮೆಂಟ್ ಬರುವ ಎಂಜಿನ್‌ಗಳಲ್ಲಿ ಜೊತೆಗೆ ಬಂದ ಎಲ್ಲ ಓ-ರಿಂಗ್‌ಗಳನ್ನೂ ಬದಲಾಯಿಸಿ. ಹಳೆಯದನ್ನೇ ಉಳಿಸಿದರೆ ಸೋರುತ್ತದೆ. ಪ್ಲಾಸ್ಟಿಕ್ ಮುಚ್ಚಳವನ್ನು ಟಾರ್ಕ್ ರೆಂಚ್‌ನಲ್ಲೇ ಬಿಗಿಮಾಡಿ. ಹಲವು ಮುಚ್ಚಳಗಳ ಮೇಲೆ 25 ಎನ್‌ಎಂ ಎಂದು ಅಚ್ಚೊತ್ತಿರುತ್ತದೆ; ಅದಕ್ಕಿಂತ ಜಾಸ್ತಿ ತಿರುಗಿಸಿದರೆ ಬಿರುಕು ಬಿಡುತ್ತದೆ.

ಕೂರಿಸುವಾಗ

ಹಳೆಯ ಫಿಲ್ಟರ್ ಬಿಚ್ಚಿದ ಕೂಡಲೇ ಅದರ ರಬ್ಬರ್ ರಿಂಗ್ ಅದರಲ್ಲೇ ಇದೆಯೇ ನೋಡಿ. ಎಂಜಿನ್‌ಗೆ ಅಂಟಿಕೊಂಡು ಉಳಿದು, ಅದರ ಮೇಲೆ ಹೊಸದು ಕೂತರೆ ಎರಡು ರಿಂಗ್ ಒಂದರ ಮೇಲೊಂದು ಆಗುತ್ತವೆ. ಪ್ರೆಷರ್ ಬಂದಾಗ ಒಂದು ಜಾರಿ ಆಯಿಲ್ ಚಿಮ್ಮುತ್ತದೆ. ಕೂರುವ ಮುಖವನ್ನು ನೂಲು ಬಿಡದ ಬಟ್ಟೆಯಲ್ಲಿ ಒರೆಸಿ. ಹೊಸ ರಿಂಗಿಗೆ ಬೆರಳಲ್ಲಿ ಹೊಸ ಆಯಿಲ್ ಸವರಿ, ಗ್ರೀಸ್ ಬೇಡ.

ಬಾಯಿ ಮೇಲಾಗಿ ಕೂರುವ ಫಿಲ್ಟರಿಗೆ ಮೊದಲೇ ಆಯಿಲ್ ತುಂಬಿಸುವುದಾದರೆ ಸುತ್ತಲಿನ ಸಣ್ಣ ರಂಧ್ರಗಳಿಂದ ನಿಧಾನವಾಗಿ ಸುರಿಯಿರಿ. ನಡುವಿನ ರಂಧ್ರ ಸೋಸಿದ ಆಯಿಲ್ ಹೊರಬರುವ ದಾರಿ. ಅಲ್ಲಿ ಸುರಿದದ್ದು ಸೋಸದೆ ನೇರ ಬೇರಿಂಗ್‌ಗೆ ಹೋಗುತ್ತದೆ. ಕೈಯಲ್ಲೇ ತಿರುಗಿಸಿ, ರಿಂಗ್ ತಾಗಿದ ಜಾಗಕ್ಕೆ ಮಾರ್ಕರ್‌ನಲ್ಲಿ ಗೆರೆ ಎಳೆಯಿರಿ. ಅಲ್ಲಿಂದ ಮುಕ್ಕಾಲು ಸುತ್ತು, ಅಥವಾ ಫಿಲ್ಟರಿನ ಮೇಲೆ ಬರೆದಷ್ಟು. ಬಿಗಿಮಾಡಲು ಪಟ್ಟಿ ಪಾನಾ ಬೇಡ, ಬಿಚ್ಚಲು ಮಾತ್ರ ಅದು.

ಸ್ಟಾರ್ಟ್ ಮಾಡಿ ಎಕ್ಸಿಲರೇಟರ್ ಮುಟ್ಟದೆ ಬಿಡಿ. ಆಯಿಲ್ ದೀಪ ಕೆಲವೇ ಸೆಕೆಂಡಿನಲ್ಲಿ ಆರಬೇಕು. ಹತ್ತು ಸೆಕೆಂಡಾದರೂ ಆರದಿದ್ದರೆ ತಕ್ಷಣ ಆಫ್ ಮಾಡಿ. ಎರಡು ನಿಮಿಷ ಓಡಿಸಿ, ಅಡಿಯಲ್ಲಿ ಟಾರ್ಚ್ ಹಾಕಿ ಸೋರಿಕೆ ನೋಡಿ, ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಸಮತಟ್ಟು ನೆಲದಲ್ಲಿ ಡಿಪ್‌ಸ್ಟಿಕ್ ನೋಡಿ. ಫಿಲ್ಟರ್ ತುಂಬಿಕೊಂಡಷ್ಟು ಆಯಿಲ್ ಕಡಿಮೆ ತೋರಿಸುತ್ತದೆ, ಅಷ್ಟನ್ನು ಸೇರಿಸಿ.

ಹಳೆಯದನ್ನು ಕತ್ತರಿಸಿ ನೋಡಿ

ಯಾವ ಫಿಲ್ಟರ್ ಒಳ್ಳೆಯದು ಎಂಬುದಕ್ಕೆ ನಿಮ್ಮದೇ ಗಾಡಿಯಲ್ಲಿ ಓಡಿ ಬಂದ ಫಿಲ್ಟರಿಗಿಂತ ದೊಡ್ಡ ಸಾಕ್ಷಿಯಿಲ್ಲ. ರಾತ್ರಿಯಿಡೀ ಬೋರಲು ಹಾಕಿ ಆಯಿಲ್ ಬಸಿಯಲು ಬಿಡಿ. ಹ್ಯಾಕ್ಸಾ ಬ್ಲೇಡ್ ಬಳಸಬೇಡಿ, ಅದರ ಪುಡಿ ಒಳಗೆ ಬಿದ್ದು ಎಂಜಿನ್‌ನ ಪುಡಿ ಯಾವುದು ಎಂದು ತಿಳಿಯದಾಗುತ್ತದೆ. ಪೈಪ್ ಕಟರ್ ಥರ ಸುತ್ತಿ ಕತ್ತರಿಸುವ ಫಿಲ್ಟರ್ ಕಟರ್ ಸಿಗುತ್ತದೆ. ಒಳಗಿನ ಕಾಗದವನ್ನು ಚೂಪಾದ ಬ್ಲೇಡಿನಲ್ಲಿ ಕೊಯ್ದು, ವೈಸ್‌ನಲ್ಲಿ ಹಿಂಡಿ, ಬಿಸಿಲಲ್ಲಿ ಹರಡಿ.

ಮಡಿಕೆಗಳು ಒಂದೆಡೆ ಗುಂಪುಗೂಡಿ ಇನ್ನೊಂದೆಡೆ ಬಾಯಿಬಿಟ್ಟಿದ್ದರೆ, ಕಾಗದದ ಎರಡು ತುದಿ ಸೇರುವ ಜಾಗ ಬಿಚ್ಚಿದ್ದರೆ, ಮೇಲೆ ಕೆಳಗಿನ ಮುಚ್ಚಳದ ಅಂಟು ಎದ್ದಿದ್ದರೆ ಆ ಫಿಲ್ಟರ್ ಮತ್ತೆ ಕೊಳ್ಳಬೇಡಿ. ಮುಚ್ಚಳ ತಗಡಿನದೋ ರಟ್ಟಿನದೋ ಎನ್ನುವುದು ದೊಡ್ಡ ವಿಷಯವಲ್ಲ, ಅಂಟು ಸುತ್ತಲೂ ಒಂದೇ ಸಮ ಹಿಡಿದಿರಬೇಕು. ರಬ್ಬರ್ ವಾಲ್ವ್ ಮಡಚಿದರೆ ಮುರಿಯುವಷ್ಟು ಗಟ್ಟಿಯಾಗಿದ್ದರೆ ಅದು ಅವಧಿ ಮುಗಿಯುವ ಮೊದಲೇ ಕೆಲಸ ನಿಲ್ಲಿಸಿದೆ. ನಡುವಿನ ಕೊಳವೆ ಒಳಕ್ಕೆ ನಜ್ಜಾಗಿದ್ದರೆ ಕಾಗದ ಪೂರ್ತಿ ಕಟ್ಟಿಕೊಂಡಿತ್ತು, ಬೈಪಾಸ್ ಸಕಾಲಕ್ಕೆ ತೆರೆದಿರಲಿಲ್ಲ.

ಫಿಲ್ಟರ್ ಎಂಜಿನ್‌ನ ಸುದ್ದಿಯನ್ನೂ ಹೇಳುತ್ತದೆ. ಸೂಕ್ಷ್ಮ ಕಪ್ಪು ಮಸಿ ಸಹಜ. ಕೆಸರಿನಂಥ ದಪ್ಪ ಪದರ ಇದ್ದರೆ ಆಯಿಲ್ ಅವಧಿ ತಪ್ಪಿದೆ. ಮಿನುಗುವ ಚೂರುಗಳಿದ್ದರೆ ಅಯಸ್ಕಾಂತ ತನ್ನಿ: ಅಂಟಿದರೆ ಕಬ್ಬಿಣ, ಅಂದರೆ ಕ್ಯಾಮ್, ಲೈನರ್, ರಿಂಗ್, ಗೇರ್‌ಗಳ ಕಡೆಯದು. ಅಂಟದೆ ತಾಮ್ರದ ಬಣ್ಣದಲ್ಲಿದ್ದರೆ ಬೇರಿಂಗ್ ಅಥವಾ ಟರ್ಬೊ ಬುಷ್ ಸವೆಯುತ್ತಿದೆ. ಲೋಡ್ ಹಾಕುವ ಮೊದಲು ಮೆಕ್ಯಾನಿಕ್‌ಗೆ ತೋರಿಸಿ.

ಪ್ರತಿ ಆಯಿಲ್ ಚೇಂಜ್‌ಗೂ ಫಿಲ್ಟರ್ ಬದಲಾಯಿಸಿ, ಕಿಲೊಮೀಟರ್ ಆಗದಿದ್ದರೂ ವರ್ಷಕ್ಕೊಮ್ಮೆ. ಹಳೆಯದನ್ನು ಡೀಸೆಲ್‌ನಲ್ಲಿ ತೊಳೆದು ಮತ್ತೆ ಹಾಕುವುದು ಬೇಡ: ಮಡಿಕೆಯೊಳಗಿನ ಕೊಳೆ ಹೋಗುವುದಿಲ್ಲ, ಅಂಟು ಸಡಿಲವಾಗುತ್ತದೆ. ಬಳಸಿದ ಆಯಿಲ್ 2016ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ. ಚರಂಡಿಗೆ, ಬಾವಿ ಪಕ್ಕದ ಮಣ್ಣಿಗೆ ಸುರಿಯದೆ, ಬಸಿದ ಫಿಲ್ಟರಿನ ಜೊತೆಗೆ ಮುಚ್ಚಳ ಬಿಗಿಯಾದ ಕ್ಯಾನಿನಲ್ಲಿಟ್ಟು, ಹಳೆ ಆಯಿಲನ್ನು ಅಧಿಕೃತ ಸಂಸ್ಕರಣೆದಾರರಿಗೆ ಕಳಿಸುವ ಸರ್ವಿಸ್ ಸೆಂಟರಿಗೆ ಒಪ್ಪಿಸಿ.