ಹತ್ತಿ ಬೇರು ಕೊಳೆ: ಹೊಲ ಬದಲಾದರೆ ಶಿಲೀಂಧ್ರದ ಗುಣವೂ ಬದಲು

ನಿನ್ನೆ ಚೆನ್ನಾಗಿದ್ದ ಹತ್ತಿ ಗಿಡ ಇವತ್ತು ಬಾಡಿ ನಿಂತಿದ್ದರೆ ಮೊದಲು ಕಿತ್ತು ನೋಡಿ, ಔಷಧಿ ಅಂಗಡಿ ಆಮೇಲೆ. ಬೇರು ಕೊಳೆ ಆಗಿದ್ದರೆ ಗಿಡ ಸಲೀಸಾಗಿ ಕೈಗೆ ಬರುತ್ತದೆ, ಪಕ್ಕದ ಬೇರುಗಳು ಮಣ್ಣಲ್ಲೇ ಉಳಿಯುತ್ತವೆ. ತಾಯಿ ಬೇರಿನ ಸಿಪ್ಪೆ ನಾರುನಾರಾಗಿ ಬಿಚ್ಚುತ್ತದೆ, ಅದರೊಳಗೆ ಸಾಸಿವೆಗಿಂತ ಎಷ್ಟೋ ಸಣ್ಣ, ಶಿಲೀಂಧ್ರದ ಕಪ್ಪು ಚುಕ್ಕೆಗಳು. ಮಣ್ಣಲ್ಲಿ ವರ್ಷಗಟ್ಟಲೆ ಉಳಿಯುವುದು ಇವೇ. ಸೊರಗು ರೋಗದಲ್ಲಿ ಹೀಗಿರುವುದಿಲ್ಲ, ಎಲೆ ನಿಧಾನಕ್ಕೆ ಹಳದಿಯಾಗುತ್ತದೆ, ಬೇರು ಸೀಳಿದರೆ ಒಳಗೆ ಕಂದು ಗೆರೆ ಕಾಣುತ್ತದೆ.

ಹಾವೇರಿ, ಧಾರವಾಡ, ರಾಯಚೂರು ಕಡೆಯ ಹೊಲಗಳಿಂದ ಇಂಥ ಬೇರು ತಂದು ಲ್ಯಾಬಿನಲ್ಲಿ ಈ ಕೊಳೆ ತರುವ ಶಿಲೀಂಧ್ರ ರೈಜೋಕ್ಟೋನಿಯಾ ಬಟಾಟಿಕೋಲಾ ಬೆಳೆಸಿದೆ. ಕೊಳೆತ ಭಾಗ ಮತ್ತು ಚೆನ್ನಾಗಿರುವ ಭಾಗ ಕೂಡುವ ಜಾಗದಲ್ಲೇ ಸಣ್ಣ ಚೂರು ಕತ್ತರಿಸಬೇಕು. ಅದನ್ನು 1% ಸೋಡಿಯಂ ಹೈಪೋಕ್ಲೋರೈಟಿನಲ್ಲಿ ಅದ್ದಿ, ಸ್ಟೆರೈಲ್ ನೀರಲ್ಲಿ ಮೂರು ಸಲ ತೊಳೆದು, ಆಲೂಗಡ್ಡೆ-ಡೆಕ್ಸ್‌ಟ್ರೋಸ್ ಅಗಾರ್ (ಶಿಲೀಂಧ್ರ ಬೆಳೆಸುವ ಆಹಾರ) ತಟ್ಟೆಯಲ್ಲಿ ಇಟ್ಟರೆ ಆಯ್ತು. 30 ಡಿಗ್ರಿ ಶಾಖದಲ್ಲಿ ನಾಲ್ಕೈದು ದಿನಕ್ಕೆ ತಟ್ಟೆ ತುಂಬುತ್ತದೆ. ಎಲ್ಲಾ ಒಂದೇ ಜಾತಿ, ಆದರೆ ಒಂದು ಬೂದು ಬಣ್ಣದಲ್ಲಿ ಉಬ್ಬಿ ಬೆಳೆದರೆ ಇನ್ನೊಂದು ತಟ್ಟೆಗೆ ಅಂಟಿಕೊಂಡು ಕಪ್ಪಾಗಿತ್ತು, ಒಂದರಲ್ಲಿ ಕಪ್ಪು ಚುಕ್ಕೆ ಬೇಗ ಬಂದರೆ ಇನ್ನೊಂದರಲ್ಲಿ ಎಷ್ಟು ಕಾದರೂ ಅಲ್ಲೊಂದು ಇಲ್ಲೊಂದು. ಕುಂಡದ ಮಣ್ಣಿಗೆ ಬೆರೆಸಿ ಹತ್ತಿ ಬಿತ್ತಿದಾಗ ಕೆಲವು ಮೊಳಕೆಯಲ್ಲೇ ಗಿಡ ಕೊಂದವು, ಕೆಲವು ಸುಮ್ನೆ ಇದ್ದು ನೀರು ಕಮ್ಮಿಯಾದ ಮೇಲೆ ಕಾಟ ಕೊಟ್ಟವು. ತಟ್ಟೆಯಲ್ಲಿನ ಬಣ್ಣ ನೋಡಿ ಯಾವುದು ಜೋರು ಅಂತ ಹೇಳೋಕೆ ಆಗಲೇ ಇಲ್ಲ.

ಹಾಗಾಗಿ ಔಷಧಿಯನ್ನೂ ಟ್ರೈಕೋಡರ್ಮಾವನ್ನೂ (ರೋಗದ ಶಿಲೀಂಧ್ರವನ್ನು ತಡೆಯುವ ಉಪಕಾರಿ ಶಿಲೀಂಧ್ರ) ಒಂದೇ ಹೊಲದ ಶಿಲೀಂಧ್ರದ ಮೇಲೆ ನೋಡಿ ತೀರ್ಮಾನಿಸಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಒಂದನ್ನು ಪೂರ್ತಿ ಮುಚ್ಚಿಹಾಕಿದ ಟ್ರೈಕೋಡರ್ಮಾ ಇನ್ನೊಂದರ ಎದುರು ಅರ್ಧಕ್ಕೇ ನಿಂತಿದ್ದನ್ನು ಕಣ್ಣಾರೆ ನೋಡಿದೆ.

ಹೊಲದಲ್ಲಿ ನಾನು ಮಾಡುವುದು ಇಷ್ಟು. ಎಕರೆಗೆ 1 ಕೆಜಿ ಟ್ರೈಕೋಡರ್ಮಾವನ್ನು 100 ಕೆಜಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ, ನೆರಳಲ್ಲಿ ತೇವ ಆರದ ಹಾಗೆ ಎರಡು ವಾರ ಇಟ್ಟು, ಬಿತ್ತುವಾಗ ಸಾಲಿಗೆ ಹಾಕುತ್ತೇನೆ. ಈ ಶಿಲೀಂಧ್ರಕ್ಕೆ ಬಿಸಿ, ಒಣ ಮಣ್ಣು ಅಂದ್ರೆ ಜಾಸ್ತಿ ಇಷ್ಟ, ಮಳೆ ಕೈಕೊಟ್ಟರೆ ಒಂದು ತೆಳು ನೀರು ಕೊಟ್ಟರೂ ಸಾಕು, ಕಾಟ ತಗ್ಗುತ್ತದೆ. ಸಾಲಿನ ನಡುವೆ ಮಡಿಕೆ ಕಾಳು ಹಾಕುವುದು ಹಳೇ ಉಪಾಯ, ಪಂಜಾಬಿನ ಲಾಯಲ್‌ಪುರದಲ್ಲಿ (ಈಗ ಪಾಕಿಸ್ತಾನದ ಫೈಸಲಾಬಾದ್) ಸ್ವಾತಂತ್ರ್ಯಕ್ಕೆ ಮುಂಚೆಯೇ ಇದನ್ನು ಪರೀಕ್ಷೆ ಮಾಡಿದ್ದರು. ಬಳ್ಳಿ ಹಬ್ಬಿ ನೆಲ ಮುಚ್ಚಿದರೆ ಮಣ್ಣು ಅಷ್ಟು ಕಾಯುವುದಿಲ್ಲ ಅಲ್ವಾ. ಜೋಳ, ಕಡಲೆಗೂ ಇದೇ ಶಿಲೀಂಧ್ರ ಬರುತ್ತದೆ, ಅದಕ್ಕೇ ರೋಗ ಇರುವ ಹೊಲದಲ್ಲಿ ಬೆಳೆ ಬದಲಿಸುವಾಗ ಅವನ್ನು ಬಿಟ್ಟು ಯೋಚಿಸಿ.

ಗಿಡ ಸಾಯೋಕೆ ಶುರುವಾಗಿದ್ದರೆ ಸತ್ತವನ್ನು ಬೇರು ಸಮೇತ ಕಿತ್ತು ಸುಟ್ಟು, ಸುತ್ತಲಿನ ಗಿಡಗಳ ಬುಡಕ್ಕೆ ಲೀಟರ್ ನೀರಿಗೆ 1 ಗ್ರಾಂ ಕಾರ್ಬೆಂಡೆಜಿಮ್ (ಶಿಲೀಂಧ್ರನಾಶಕ) ಬೆರೆಸಿ ಬುಡ ಪೂರ್ತಿ ನೆನೆಯುವ ಹಾಗೆ ಸುರಿಯಿರಿ. ಆದರೆ ಇದನ್ನೂ ಟ್ರೈಕೋಡರ್ಮಾವನ್ನೂ ಒಟ್ಟಿಗೆ ಹಾಕಬೇಡಿ, ಕಾರ್ಬೆಂಡೆಜಿಮ್ ತಾಗಿದರೆ ಟ್ರೈಕೋಡರ್ಮಾನೇ ಮೊದಲು ಸಾಯುತ್ತದೆ.