ಫೋಟೊ ಕಡತಕ್ಕೆ ಹೆಸರಿಡುವುದು ಹೇಗೆ?

ಕೊಪ್ಪಳದಲ್ಲಿ ಅಶೋಕನ ಶಾಸನ ಎರಡಿವೆ. ಒಂದು ಗವಿಮಠದ ಬಳಿ, ಇನ್ನೊಂದು ಪಾಲ್ಕಿಗುಂಡಿನಲ್ಲಿ. ‘ಕೊಪ್ಪಳ ಅಶೋಕ 1’ ಎಂದು ಹೆಸರಿಟ್ಟರೆ ಅದು ಯಾವ ಬಂಡೆಯದ್ದೆಂದು ಫೋಟೊ ತೆಗೆದವರಿಗೇ ನಾಲ್ಕು ವರ್ಷದ ಮೇಲೆ ಗೊತ್ತಾಗದು. ಕ್ಯಾಮೆರಾ ಕೊಟ್ಟ ಹೆಸರನ್ನೇ ಉಳಿಸಿಕೊಂಡರೆ ಇನ್ನೊಂದು ಪೇಚು: 9999 ಮುಗಿದೊಡನೆ ಎಣಿಕೆ ಮತ್ತೆ 0001ಕ್ಕೆ ಬರುತ್ತದೆ. ಒಂದೇ ಹೆಸರಿನ ಎರಡು ಕಡತ ಒಂದೇ ಫೋಲ್ಡರಿಗೆ ಬಿದ್ದು, ‘ರೀಪ್ಲೇಸ್’ ಒತ್ತಿದರೆ ಹಳೆಯದು ಹೋಯಿತು.

ಮೊದಲು ಕಾರ್ಡಿನಲ್ಲಿರುವುದನ್ನೆಲ್ಲ ‘ಮೂಲ’ ಎಂಬ ಫೋಲ್ಡರಿಗೆ ನಕಲು ಮಾಡಿ. ಅದನ್ನು ಮುಟ್ಟಬೇಡಿ; ಹೆಸರು ಬದಲಿಸುವ ಕೆಲಸವೆಲ್ಲ ಇನ್ನೊಂದು ಪ್ರತಿಯಲ್ಲಿ. ಬೇರೆಯವರಿಂದ ಫೋಟೊ ತರಿಸುವಾಗ ವಾಟ್ಸ್‌ಆ್ಯಪಿನಲ್ಲಿ ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ. ಸಾಮಾನ್ಯ ಫೋಟೊ ಆಗಿ ಕಳಿಸಿದರೆ ಗಾತ್ರ ಕುಗ್ಗುತ್ತದೆ, ಒಳಗಿನ ದಿನಾಂಕದ ಮಾಹಿತಿಯೂ ಉದುರುತ್ತದೆ.

ಆಮೇಲೆ ದಿನಾಂಕ ನೋಡಿ. ‘ಡೇಟ್ ಮಾಡಿಫೈಡ್’ (ಕಡತ ಬದಲಾದ ದಿನ) ನಂಬಬೇಡಿ, ‘ಡೇಟ್ ಟೇಕನ್’ (ಫೋಟೊ ತೆಗೆದ ದಿನ) ನೋಡಿ. ಬ್ಯಾಟರಿ ಪೂರ್ತಿ ಸತ್ತಿದ್ದ ಕ್ಯಾಮೆರಾದ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗಿರಬಹುದು. ಎಲ್ಲದರಲ್ಲೂ ಒಂದೇ ಅಂತರದ ತಪ್ಪಿದ್ದರೆ ಎಕ್ಸಿಫ್‌ಟೂಲ್ ಎಂಬ ತಂತ್ರಾಂಶ ಒಟ್ಟಿಗೇ ಸರಿಪಡಿಸುತ್ತದೆ.

ಈಗ ಹೆಸರು:

2024-12-08_ಇಟಗಿ_ಮಹಾದೇವ-ದೇಗುಲ_ದಕ್ಷಿಣ-ಗೋಡೆ_001

ವರ್ಷ ಮೊದಲು, ದಿನ ಕೊನೆಗೆ. ದಿನ ಮೊದಲಿಟ್ಟರೆ ಎಲ್ಲ ತಿಂಗಳ 8ನೇ ತಾರೀಖಿನ ಫೋಟೊಗಳು ಒಂದೆಡೆ ಗುಂಪುಗೂಡುತ್ತವೆ. ಹಳೆಯ ಫೋಟೊ ಸ್ಕ್ಯಾನ್ ಮಾಡಿದ್ದು, ವರ್ಷ ಮಾತ್ರ ಗೊತ್ತೆಂದರೆ 1978-00-00 ಎನ್ನಿ, ತಿಂಗಳನ್ನು ಊಹಿಸಬೇಡಿ. ಕೊನೆಯ ಅಂಕಿಗೆ ಮುಂದೆ ಸೊನ್ನೆ ಇರಲಿ, ಇಲ್ಲದಿದ್ದರೆ ಕೆಲವು ತಂತ್ರಾಂಶಗಳಲ್ಲಿ 10 ಬಂದು 2ರ ಮುಂದೆ ಕೂರುತ್ತದೆ. ಅಂಕಿಗಳನ್ನು 1, 2, 3 ಎಂದೇ ಬರೆಯಿರಿ. ಒಮ್ಮೆ ೧, ಒಮ್ಮೆ 1 ಆದರೆ ಸಾಲು ಕೆಡುತ್ತದೆ. ಓರೆಗೆರೆ (/), ಪ್ರಶ್ನಾರ್ಥಕ (?), ವಿವರಣಾ (:) ಚಿಹ್ನೆಗಳನ್ನು ವಿಂಡೋಸ್ ಒಪ್ಪುವುದಿಲ್ಲ.

ಕನ್ನಡದಲ್ಲಿ ಹೆಸರಿಡುವವರು ಯುನಿಕೋಡ್‌ನಲ್ಲೇ ಟೈಪ್ ಮಾಡಬೇಕು. ಹಳೆಯ ನುಡಿ ಫಾಂಟಿನ ಅಕ್ಷರಗಳು ಕಡತದ ಹೆಸರಿನಲ್ಲಿ ಇಂಗ್ಲಿಷ್ ಗೀಚಾಗಿ ಕಾಣುತ್ತವೆ. ಹೆಸರು ಚಿಕ್ಕದಿರಲಿ. ಲಿನಕ್ಸ್‌ನಲ್ಲಿ ಮಿತಿ 255 ಬೈಟ್. ಕನ್ನಡದ ಒಂದೊಂದು ಅಕ್ಷರ, ಒಂದೊಂದು ಕಾಗುಣಿತದ ಗುರುತು 3 ಬೈಟ್ ತಿನ್ನುತ್ತದೆ.

ಹೆಚ್ಚಿನವರು ಸೋಲುವುದು ಊರ ಹೆಸರಿನಲ್ಲಿ. ಕಿನ್ನಾಳ, ಕಿನ್ಹಾಳ, ಗಂಗಾವತಿ, ಗಂಗಾವತ್ತಿ. ಒಬ್ಬರು ಹೀಗೆ, ಒಬ್ಬರು ಹಾಗೆ ಬರೆದರೆ ಹುಡುಕಿದಾಗ ಅರ್ಧ ಫೋಟೊ ಸಿಗುವುದಿಲ್ಲ. ಊರು, ಗುಡಿ, ಜಾತ್ರೆಗಳ ಪಟ್ಟಿಯೊಂದನ್ನು ಮಾಡಿ ಅದರಿಂದಲೇ ನಕಲಿಸಿ ಹಾಕಿ. ನೂರಾರು ಕಡತಗಳಿಗೆ ಒಟ್ಟಿಗೆ ಹೆಸರಿಡಲು ಡಿಜಿಕ್ಯಾಮ್ ಎಂಬ ತಂತ್ರಾಂಶ ಸಾಕು, ಉಚಿತ. ಚಿತ್ರದಲ್ಲಿ ಯಾರಿದ್ದಾರೆ, ಶಿಲ್ಪ ಯಾವುದು ಎಂಬ ವಿವರವನ್ನು ಅದರ ‘ಕ್ಯಾಪ್ಷನ್’ ಜಾಗದಲ್ಲಿ ತುಂಬಿ, ಕಡತದೊಳಗೇ ಬರೆಯುವಂತೆ ಸೆಟ್ಟಿಂಗ್ ಇಡಿ.

ಕೊನೆಗೆ ಮೂರು ಪ್ರತಿ: ಕಂಪ್ಯೂಟರಿನಲ್ಲೊಂದು, ಹೊರಗಿನ ಡಿಸ್ಕಿನಲ್ಲೊಂದು, ಬೇರೆ ಊರಿನ ನೆಂಟರ ಮನೆಯಲ್ಲೊಂದು. ಪೆನ್‌ಡ್ರೈವನ್ನು ಪ್ರತಿಯೆಂದು ಎಣಿಸಬೇಡಿ. ವರ್ಷಕ್ಕೊಮ್ಮೆ ಡಿಸ್ಕ್ ಜೋಡಿಸಿ, ಹತ್ತಾರು ಫೋಟೊ ತೆರೆದು ನೋಡಿ.