ಮಳೆಗಾಲ, ಗಂಬೂಟು ಮತ್ತು ಕಾಲ್ಬೆರಳ ಸಂದಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ಅಡಿಕೆ ತೋಟದಲ್ಲಿ ಗಂಬೂಟು ಇಲ್ಲದೆ ಕೆಲಸ ಸಾಗುವುದಿಲ್ಲ. ಉಂಬಳ, ಹಾವು, ಮುಳ್ಳು ಎಲ್ಲಕ್ಕೂ ಅದೇ ಕಾವಲು. ಆದರೆ ಒಳಗೆ ಕಾಲು ಬೆವರುತ್ತದೆ, ಮೇಲಿಂದ ಮಳೆನೀರು ಇಳಿಯುತ್ತದೆ. ಫಂಗಸ್‌ಗೆ ಇನ್ನೇನು ಬೇಕು?

ನನಗೆ ಶುರುವಾಗಿದ್ದು ಕಿರುಬೆರಳು ಮತ್ತು ಅದರ ಪಕ್ಕದ ಬೆರಳಿನ ನಡುವೆ. ಹೆಚ್ಚಿನವರಿಗೆ ಅಲ್ಲೇ ಶುರುವಾಗುವುದು. ಆ ಎರಡು ಬೆರಳು ಒಂದಕ್ಕೊಂದು ಒತ್ತಿಕೊಂಡಿರುತ್ತವೆ, ಗಾಳಿ ಆಡುವುದಿಲ್ಲ. ಚರ್ಮ ನೆನೆದು ಬೆಳ್ಳಗಾಗಿತ್ತು. ಉಗುರು ತಾಗಿದರೆ ಪದರ ಕಿತ್ತು ಬರುತ್ತಿತ್ತು, ಅಡಿಯಲ್ಲಿ ಕೆಂಪು ಬಿರುಕು. ಬೂಟು ಬಿಚ್ಚಿದ ಮೇಲೆ ತುರಿಕೆ ಜಾಸ್ತಿ. "ಕೆಸರು ಹುಣ್ಣು ಕಣೋ, ಅರಿಸಿನ ಎಣ್ಣೆ ಹಚ್ಚು" ಎಂದರು ಅಮ್ಮ. ಹಚ್ಚಿದೆ. ಉರಿ ತಗ್ಗಿತು, ಸಂದಿ ಮಾತ್ರ ಒಣಗಲಿಲ್ಲ.

ಚರ್ಮದ ಡಾಕ್ಟರು ಬ್ಲೇಡಿನ ಅಂಚಿನಿಂದ ಸ್ವಲ್ಪ ಹೊಟ್ಟು ಕೆರೆದರು. ಗಾಜಿನ ಪಟ್ಟಿಯ ಮೇಲಿಟ್ಟು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಬಿಟ್ಟರು. ಚರ್ಮ ಕರಗಿದ ಮೇಲೆ ಮೈಕ್ರೋಸ್ಕೋಪಿನಲ್ಲಿ ಫಂಗಸ್‌ನ ಎಳೆಗಳು ಕಂಡವು. ಹುಳಕಡ್ಡಿ ತರುವ ಗುಂಪಿನದೇ ಇದು. ಬರೆದುಕೊಟ್ಟಿದ್ದು 1% ಟರ್ಬಿನಾಫಿನ್ ಕ್ರೀಮು. ತೆಳುವಾಗಿ, ಸುತ್ತಲಿನ ಒಳ್ಳೆಯ ಚರ್ಮಕ್ಕೂ ಸೇರಿಸಿ ಹಚ್ಚಬೇಕು. "ತುರಿಕೆ ನಿಂತ ಕೂಡಲೇ ಬಿಡಬೇಡಿ" ಎಂದರು. ಟರ್ಬಿನಾಫಿನ್‌ಗೆ ಸಾಮಾನ್ಯವಾಗಿ 1–2 ವಾರ ಸಾಕು. ಕ್ಲೋಟ್ರಿಮಜೋಲ್ ಎಂಬ ಇನ್ನೊಂದು ಫಂಗಸ್ ಕ್ರೀಮು ಆದರೆ ಸುಮಾರು 4 ವಾರ ಹಿಡಿಯುತ್ತದೆ. ಈ ಮಾತು ಅಡಿಕೆಯವರಿಗೆ ಬೇಗ ಅರ್ಥವಾಗುತ್ತದೆ: ಕಾಯಿಗೆ ಕೊಳೆರೋಗ ಕಾಣಲಿಲ್ಲ ಎಂದು ಎರಡನೇ ಸಲ ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಹೊಡೆಯುವುದನ್ನು ಬಿಡುತ್ತೇವಾ?

ನಮ್ಮಲ್ಲಿ ಕೆಲಸಕ್ಕೆ ಬರುವವನೊಬ್ಬ ಇದೇ ತೊಂದರೆಗೆ ಅಂಗಡಿಯಲ್ಲಿ ಕೇಳಿ ಒಂದು ಕ್ರೀಮು ತಂದಿದ್ದ. ಹಚ್ಚಿದಾಗ ತುರಿಕೆ ಮಾಯ, ಬಿಟ್ಟರೆ ದುಪ್ಪಟ್ಟು. ಕೊನೆಗೆ ಪಾದದ ಮೇಲೆಲ್ಲ ಹಬ್ಬಿ ತೊಡೆಸಂದಿಗೂ ಬಂತು. ಟ್ಯೂಬು ತಿರುಗಿಸಿ ನೋಡಿದರೆ ಸಣ್ಣ ಅಕ್ಷರದಲ್ಲಿ ಕ್ಲೋಬೆಟಾಸಾಲ್ ಎಂದಿತ್ತು. ಅದು ಬಲವಾದ ಸ್ಟೀರಾಯ್ಡ್. ಉರಿಯೂತ ಮುಚ್ಚಿಡುತ್ತದೆ, ಫಂಗಸ್ ಒಳಗೊಳಗೇ ಬೆಳೆಯುತ್ತದೆ. ಫಂಗಸ್ ಔಷಧಿಗೆ ಸ್ಟೀರಾಯ್ಡ್ ಬೆರೆಸಿದ ಇಂಥ ಕ್ರೀಮುಗಳ ಮೇಲೆ ನನಗೆ ಸಿಟ್ಟೇ ಇದೆ.

ಕ್ರೀಮಿಗಿಂತ ಹೆಚ್ಚು ಕೆಲಸ ಕೊಟ್ಟಿದ್ದು ಬೂಟು. ಈಗ ಎರಡು ಜೊತೆ ಇಟ್ಟಿದ್ದೇನೆ. ಒಂದು ಕಾಲಿನಲ್ಲಿ, ಇನ್ನೊಂದು ಬಚ್ಚಲ ಒಲೆಯ ಹತ್ತಿರ ಗೂಟಕ್ಕೆ ತಲೆಕೆಳಗಾಗಿ. ತೀರಾ ಹತ್ತಿರ ಇಟ್ಟರೆ ರಬ್ಬರು ಹಾಳು, ಒಂದು ಮಾರು ದೂರ ಇರಲಿ. ಒಳಗೆ ಹಳೇ ಪೇಪರು ತುರುಕಿದರೆ ಪಸೆ ಹೀರುತ್ತದೆ. ಮಧ್ಯಾಹ್ನ ಊಟಕ್ಕೆ ಬಂದಾಗ ಕಾಲು ತೊಳೆದು, ತೆಳು ಪಂಚೆ ತುಂಡನ್ನು ಒಂದೊಂದೇ ಸಂದಿಗೆ ತೂರಿಸಿ ಒರೆಸುತ್ತೇನೆ. ಆ ತುಂಡು ಪಾದಕ್ಕೆ ಮಾತ್ರ. ಆಮೇಲೆ ಬೇರೆ ಹತ್ತಿ ಸಾಕ್ಸು. ಒದ್ದೆ ಸಾಕ್ಸು ಹಂಡೆಯ ಬಿಸಿನೀರಿಗೆ. ಇನ್ನೊಬ್ಬರ ಬೂಟು ಹಾಕುವುದಿಲ್ಲ, ನನ್ನದು ಕೊಡುವುದೂ ಇಲ್ಲ. ನಗಬೇಡಿ, ಗಾಯ ಇರುವಾಗ ಚಡ್ಡಿಗಿಂತ ಮೊದಲು ಸಾಕ್ಸು ಹಾಕಿಕೊಳ್ಳಬೇಕು. ಇಲ್ಲದಿದ್ದರೆ ಬೆರಳಿನ ಫಂಗಸ್ ಬಟ್ಟೆಯ ಜೊತೆ ಮೇಲೆ ಹತ್ತುತ್ತದೆ.

ಉಗುರು ಹಳದಿಯಾಗಿ ದಪ್ಪಗಾದರೆ ಸಾಮಾನ್ಯವಾಗಿ ಕ್ರೀಮು ಸಾಲುವುದಿಲ್ಲ, ಡಾಕ್ಟರು ಹೇಳಿದಂತೆ ತಿಂಗಳುಗಟ್ಟಲೆ ಮಾತ್ರೆ ಬೇಕಾಗಬಹುದು. ಅಪ್ಪನಿಗೆ ಸಕ್ಕರೆ ಕಾಯಿಲೆ, ಕಾಲಿನಲ್ಲಿ ಸ್ಪರ್ಶ ಕಮ್ಮಿ. ಅವರ ಬೆರಳ ಸಂದಿಯನ್ನು ಮಳೆಗಾಲದಲ್ಲಿ ನಾನೇ ಬ್ಯಾಟರಿ ಹಾಕಿ ನೋಡುತ್ತೇನೆ. ಬಿರುಕಿನಿಂದ ಬ್ಯಾಕ್ಟೀರಿಯಾ ನುಗ್ಗಿ ಕಾಲು ಕೆಂಪಾಗಿ ಊದಿಕೊಂಡರೆ, ಜ್ವರ ಬಂದರೆ, ಕ್ರೀಮು ಹಚ್ಚುತ್ತಾ ಕೂರುವಂತಿಲ್ಲ. ಅದೇ ದಿನ ಆಸ್ಪತ್ರೆಗೆ.